ಪ್ರಿಂಟ್ ಕೊಳ್ಳುವ ಮೊದಲು ಗೋಡೆ ನೋಡಿ: ಕಲಬುರಗಿ ಸೀಮೆಯ ಮನೆಗಳಲ್ಲಿ ಕಲಾಚಿತ್ರಗಳನ್ನು ಆರಿಸಿ, ಕಟ್ಟು ಹಾಕಿಸಿ, ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಹೈದರಾಬಾದ್ ಅಥವಾ ಮುಂಬಯಿಯಿಂದ ಹಲವರು ಒಳ್ಳೆಯ ಪ್ರಿಂಟ್ (ಕಾಗದದ ಮೇಲೆ ಅಚ್ಚಾದ ಚಿತ್ರ) ತರಿಸುತ್ತಾರೆ, ಹತ್ತಿರದ ಅಂಗಡಿಗೆ ಕೊಟ್ಟು ಕಟ್ಟು ಹಾಕಿಸುತ್ತಾರೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದ ಅಲೆಯಲೆಯಾಗಿ ಉಬ್ಬಿರುತ್ತದೆ, ಅಂಚಿಗೆ ಕಂದು ಗೆರೆ ಬಂದಿರುತ್ತದೆ, ಕೆಂಪು ಮಾಸಿರುತ್ತದೆ. ಪ್ರಿಂಟೇ ಕಳಪೆ ಎಂದುಕೊಂಡು ಇನ್ನೊಂದು ತರಿಸುತ್ತಾರೆ, ಅದಕ್ಕೂ ಅದೇ ಗತಿ. ಹೆಚ್ಚಿನ ಸಲ ತಪ್ಪು ಪ್ರಿಂಟಿನದಲ್ಲ. ಕಾಗದವನ್ನು ಹಲಗೆಗೆ ಪೂರ್ತಿ ಅಂಟಿಸಿರುತ್ತಾರೆ, ಇಲ್ಲವೇ ಏರಿಸಬಾರದ ಗೋಡೆಗೆ ಏರಿಸಿರುತ್ತಾರೆ. ಬಹುತೇಕ ಎರಡೂ ಆಗಿರುತ್ತದೆ.

ಕಾಗದ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಕಡೆ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕೂಲರ್ ಹಚ್ಚಿದ ಕೂಡಲೇ ಅದೇ ಕೋಣೆ ಹಸಿಯಾಗುತ್ತದೆ. ಹೀಗೆ ದಿನಕ್ಕೊಮ್ಮೆಯಾದರೂ ಹಿಗ್ಗಿ ಕುಗ್ಗುವ ಹಾಳೆಯನ್ನು ನಾಲ್ಕೂ ಕಡೆ ಬಿಗಿದುಬಿಟ್ಟರೆ ಅದು ಉಬ್ಬಲೇಬೇಕು. ಕೆಳಗಿನ ಹಂತಗಳಲ್ಲಿ ಮುಕ್ಕಾಲು ಪಾಲು ಕಾಗದಕ್ಕೆ ಆ ಓಡಾಟದ ಜಾಗ ಬಿಡಿಸುವುದಕ್ಕೇ ಇವೆ. ಹಂತಗಳ ಕ್ರಮ ಬದಲಿಸಬೇಡಿ.

ಬೇಕಾಗುವ ಸಾಮಾನು

ಅಳತೆ ಟೇಪು, ರಸಮಟ್ಟ, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಬಿಳಿ ಹತ್ತಿಯ ಕೈಗವಸು ಅಥವಾ ಚೆನ್ನಾಗಿ ತೊಳೆದು ಒರೆಸಿದ ಕೈ, ಹಳೆಯ ದಿನಪತ್ರಿಕೆ, ಮಾಸ್ಕಿಂಗ್ ಟೇಪು, ಗಾಳಿಯ ತೇವ ತೋರಿಸುವ ಡಿಜಿಟಲ್ ಮಾಪಕ. ಈ ಕೊನೆಯದನ್ನು ಹಲವರು ಕೊಳ್ಳುವುದೇ ಇಲ್ಲ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಯಾವ ಕೋಣೆ ಸುರಕ್ಷಿತ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಸಾಧನವಿಲ್ಲ. ಗೋಡೆ ಕೊರೆಯಲು ಡ್ರಿಲ್, 4 ಮತ್ತು 6 ಮಿಲಿಮೀಟರ್ ಕಲ್ಲು ಕೊರೆಯುವ ಬಿಟ್, ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ ಬೇಕು.

ಹಂತ 1: ಗೋಡೆ ಆರಿಸುವುದು

ಮೊದಲು ಕೈಬಿಡಬೇಕಾದ್ದು ಪಶ್ಚಿಮದ ಹೊರಗೋಡೆ. ಬೇಸಿಗೆಯಲ್ಲಿ ಸಂಜೆ ಐದಕ್ಕೆ ಅದರ ಒಳಮೈಗೆ ಅಂಗೈ ಇಟ್ಟು ನೋಡಿ. ಬಿಸಿ ತಾಗಿದರೆ ಆ ಗೋಡೆ ರಾತ್ರಿಯವರೆಗೂ ಕಾಗದವನ್ನು ಕಾಯಿಸುತ್ತಲೇ ಇರುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆ ಯಾವತ್ತೂ ಮೇಲು.

ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದಿಲ್ಲ ಎಂದು ಪುಸ್ತಕಗಳಲ್ಲಿ ಓದಿ ನಂಬಬೇಡಿ. ಆ ಮಾತು ಇನ್ನೂ ಉತ್ತರದ ದೇಶಗಳಿಗೆ ಹೇಳಿದ್ದು. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ಮುಂಜಾನೆ, ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಬೀಳುತ್ತದೆ. ಡಿಸೆಂಬರಿನಲ್ಲಿ ತದ್ವಿರುದ್ಧ, ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯ ಒಳಗೆ ದೂರದವರೆಗೆ ಚಾಚುತ್ತದೆ. ಬಿಸಿಲ ತುಂಡು ಎಲ್ಲಿ ಬೀಳುತ್ತದೆಂದು ಎರಡೂ ಕಾಲದಲ್ಲಿ ನೋಡದೆ ಗೋಡೆ ನಿಶ್ಚಯಿಸಬೇಡಿ. ದಿನಕ್ಕೆ ಅರ್ಧ ಗಂಟೆಯ ನೇರ ಬಿಸಿಲು ಸಾಕು, ಬಣ್ಣ ವರ್ಷದೊಳಗೆ ಇಳಿಯಲು ಶುರುವಾಗುತ್ತದೆ.

ಆಮೇಲೆ ತೇವ. ಬೀದರಿನ ಹಳೆಯ ಮನೆಗಳ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಮೈಯೆಲ್ಲ ಸಣ್ಣ ತೂತು, ನೀರು ಹೀರುತ್ತದೆ. ಮಣ್ಣಿನಲ್ಲಿ ಕಟ್ಟಿದ ಶಹಾಬಾದ್ ಕಲ್ಲಿನ ಗೋಡೆಗೂ ಬುಡದಿಂದ ತೇವ ಏರುತ್ತದೆ. ಮಳೆಗಾಲದಲ್ಲಿ ಒಂದು ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಆ ಗೋಡೆ ಬೇಡ. ಸುಣ್ಣ ಪುಡಿಯಾಗಿ ಉದುರುವುದು, ಬಿಳಿ ಉಪ್ಪು ಹೂವಿನಂತೆ ಏಳುವುದು ಕೂಡ ಅದೇ ಸೂಚನೆ.

ಕೂಲರ್ ಗಾಳಿ ನೇರವಾಗಿ ಬಡಿಯುವ ಗೋಡೆ, ಬಚ್ಚಲು ಅಥವಾ ಅಡುಗೆಮನೆಗೆ ಹೊಂದಿದ ಗೋಡೆ, ಜಗಲಿ ಇವನ್ನೂ ಬಿಟ್ಟುಬಿಡಿ. ದೇವರ ಕೋಣೆಯ ದೀಪದ ಮಸಿ, ಊದಿನಕಡ್ಡಿಯ ಹೊಗೆ ಗಾಜಿನ ಸಂದಿನಿಂದ ಒಳಗಿಳಿಯುತ್ತವೆ. ಬಸವಣ್ಣನ, ಶರಣಬಸವೇಶ್ವರರ ಪಟಗಳಿಗೆ ಹೂಮಾಲೆ ಹಾಕುತ್ತೇವೆ, ಗಾಜಿಗೆ ವಿಭೂತಿ ಹಚ್ಚುತ್ತೇವೆ. ಅವು ಪೂಜೆಯ ಪಟಗಳು, ಅವುಗಳ ಜಾಗ ಬೇರೆಯೇ ಇರಲಿ. ಹಸಿ ಹೂವಿನ ನೀರು ಫ್ರೇಮಿನ ಮೇಲಂಚಿನಿಂದ ಇಳಿದರೆ ಪ್ರಿಂಟ್ ಉಳಿಯದು.

ಕೋಣೆಯ ಮಾಪಕ 40ರಿಂದ 55 ಪ್ರತಿಶತದ ನಡುವೆ ಆಡುತ್ತಿದ್ದರೆ ಒಳ್ಳೆಯದು. ವಾರಗಟ್ಟಲೆ 65 ದಾಟಿ ನಿಂತರೆ ಬೂಷ್ಟು ಹಿಡಿಯುವ ಭಯವಿದೆ.

ಹಂತ 2: ಏನು ಕೊಳ್ಳುತ್ತಿದ್ದೀರಿ ಎಂದು ತಿಳಿಯುವುದು

ಪ್ರಿಂಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಕಲಾವಿದರೇ ಮರ, ಲಿನೋಲಿಯಂ, ತಾಮ್ರ ಅಥವಾ ಸತುವಿನ ಫಲಕ, ಕಲ್ಲು ಇಲ್ಲವೇ ರೇಷ್ಮೆ ಜಾಲರಿಯ ಮೇಲೆ ಕೆಲಸ ಮಾಡಿ ಎಣಿಸಿ ತೆಗೆದ ಮೂಲ ಅಚ್ಚುಗಳು ಒಂದು. ತೈಲ ಅಥವಾ ಜಲವರ್ಣದ ಚಿತ್ರವೊಂದನ್ನು ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯ (ಕರಗದ ಬಣ್ಣದ ಪುಡಿಯಿಂದ ಮಾಡಿದ ಶಾಯಿ) ಇಂಕ್‌ಜೆಟ್‌ನಲ್ಲಿ ಅಚ್ಚು ಮಾಡಿದ ಪ್ರತಿಗಳು ಎರಡನೆಯದು. ಆಫ್‌ಸೆಟ್‌ನಲ್ಲಿ ಸಾವಿರಾರು ತೆಗೆದ ಪೋಸ್ಟರು, ಕ್ಯಾಲೆಂಡರುಗಳು ಮೂರನೆಯದು. ಮೂರನ್ನೂ ಗೋಡೆಗೆ ಹಾಕಬಹುದು. ಮೂರನೆಯದಕ್ಕೆ ಮೊದಲನೆಯದರ ಬೆಲೆ ಕೊಡುವುದು ತಪ್ಪು.

ಗುರುತಿಸಲು ಭೂತಗನ್ನಡಿ ಸಾಕು. ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳು ಸಣ್ಣ ಸಣ್ಣ ಹೂವಿನ ಆಕಾರ ತಾಳಿದ್ದರೆ ಅದು ಆಫ್‌ಸೆಟ್. ತೀರ ಸಣ್ಣ ಚುಕ್ಕಿಗಳು ಕ್ರಮವಿಲ್ಲದೆ ಸಿಂಪಡಿಸಿದಂತಿದ್ದರೆ ಇಂಕ್‌ಜೆಟ್. ತಾಮ್ರ ಅಥವಾ ಸತುವಿನ ಫಲಕದಿಂದ ಬಂದ ಎಚಿಂಗ್ ಆದರೆ ಚಿತ್ರದ ಸುತ್ತ ಫಲಕದ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರುತ್ತದೆ. ಬೆಳಕನ್ನು ಬದಿಯಿಂದ ಬಿಟ್ಟರೆ ಕಾಣುತ್ತದೆ, ಅಂಚಿನ ಖಾಲಿ ಜಾಗದಲ್ಲಿ ಬೆರಳಿಗೂ ಸಿಗುತ್ತದೆ. ಮರದಚ್ಚಿನಲ್ಲಿ ಗೆರೆಯ ಅಂಚಿಗೆ ಶಾಯಿ ಒತ್ತಿ ಸ್ವಲ್ಪ ಗಾಢವಾಗಿರುತ್ತದೆ.

ಕೆಳಗೆ ಪೆನ್ಸಿಲಿನಲ್ಲಿ 7/25 ಎಂದಿದ್ದರೆ ಇಪ್ಪತ್ತೈದು ಅಚ್ಚುಗಳಲ್ಲಿ ಏಳನೆಯದು ಎಂದರ್ಥ. ಎ/ಪಿ ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಅಚ್ಚು. ಸಹಿಯನ್ನೂ ಭೂತಗನ್ನಡಿಯಲ್ಲಿ ನೋಡಿ. ಪೆನ್ಸಿಲ್ ಸಹಿಯಲ್ಲಿ ಗ್ರಾಫೈಟಿನ ಹೊಳಪು ಇರುತ್ತದೆ. ಸಹಿಯೇ ಚುಕ್ಕಿಗಳಿಂದ ಆಗಿದ್ದರೆ ಅದೂ ಅಚ್ಚಾದದ್ದೇ.

ನಮ್ಮ ಊರಿನವರೇ ಆದ ಕಲಾವಿದ ಎಸ್.ಎಂ. ಪಂಡಿತರ (1916–1993) ಚಿತ್ರಗಳ ಹಳೆಯ ಕ್ಯಾಲೆಂಡರುಗಳು ಅಟ್ಟ, ಟ್ರಂಕುಗಳಲ್ಲಿ ಇನ್ನೂ ಸಿಗುತ್ತವೆ. ಅಂಥದ್ದು ಕೈಗೆ ಬಂದರೆ ಮೇಲಿನ ತಗಡಿನ ಪಟ್ಟಿ, ಕೆಳಗಿನ ಜಾಹೀರಾತು, ತಾರೀಖಿನ ಭಾಗ ಯಾವುದನ್ನೂ ಕತ್ತರಿಸಬೇಡಿ. ಕತ್ತರಿಸಿದ ಕ್ಷಣಕ್ಕೆ ಸಂಗ್ರಹದ ಬೆಲೆ ಹೋಯಿತು. ಅಳತೆ ದೊಡ್ಡದಾದರೆ ಕಟ್ಟಿನೊಳಗೆ ಮೌಂಟಿನಿಂದ (ಚಿತ್ರ ಕಾಣಲು ನಡುವೆ ಕಿಂಡಿ ಕತ್ತರಿಸಿದ ರಟ್ಟು) ಮುಚ್ಚಿಕೊಳ್ಳಬಹುದು. ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಕಲಾವಿದರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಹಾಗಾಗಿ ಪಂಡಿತರ ಚಿತ್ರಗಳ ಹೊಸ ಪ್ರತಿ ಮಾರುವವರಲ್ಲಿ ಹಕ್ಕುದಾರರ ಅನುಮತಿ ಇದೆಯೇ ಎಂದು ಕೇಳಿ, 2053 ಮುಗಿಯುವವರೆಗೆ ಅದು ಬೇಕು. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳಿಗೆ ಆ ತೊಡಕಿಲ್ಲ, ಅದಕ್ಕೇ ಅವುಗಳ ಹೊಸ ಪ್ರತಿಗಳನ್ನು ರವಿವರ್ಮನೇ ಶುರು ಮಾಡಿದ ಹಳೆಯ ಪ್ರೆಸ್ಸಿನ ಅಚ್ಚೆಂದು ಮಾರುವವರು ಹೆಚ್ಚು. ಹಳೆಯ ಕಲ್ಲಚ್ಚಿನಲ್ಲಿ ಚುಕ್ಕಿಗಳು ಕೈಯಿಂದ ಇಟ್ಟವು, ಗಾತ್ರ ಅಂತರ ಎರಡೂ ಏರುಪೇರು. ಹೂವಿನಾಕಾರದ ಸಾಲು ಕಂಡರೆ ಅಂಚು ಎಷ್ಟೇ ಹಳದಿಯಾಗಿರಲಿ, ಅದು ಕಲ್ಲಚ್ಚಲ್ಲ.

ಹೊಸಬರು ದುಬಾರಿಯಲ್ಲದ ಮೂಲ ಅಚ್ಚುಗಳಿಂದ ಶುರು ಮಾಡುವುದೇ ಸರಿಯಾದ ದಾರಿ. ಕಲಬುರಗಿಯ ದೃಶ್ಯಕಲಾ ಕಾಲೇಜುಗಳ ವಿದ್ಯಾರ್ಥಿ ಪ್ರದರ್ಶನಗಳು, ಬೆಂಗಳೂರಿನಲ್ಲಿ ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ, ಇಲ್ಲೆಲ್ಲ ಕಲಾವಿದರ ಕೈಯಿಂದಲೇ ಕೊಳ್ಳಬಹುದು. ಕಾಗದ ಯಾವುದು, ಶಾಯಿ ಯಾವುದು, ಒಟ್ಟು ಎಷ್ಟು ಅಚ್ಚು ಎಂದು ಕೇಳಿ ರಸೀದಿಯ ಮೇಲೇ ಬರೆಸಿಕೊಳ್ಳಿ.

ಹಕ್ಕುಮುಕ್ತ ಚಿತ್ರವನ್ನು ವಸ್ತುಸಂಗ್ರಹಾಲಯದ ಜಾಲತಾಣದಿಂದ ಇಳಿಸಿಕೊಂಡು ಮಾಡಿಸುವುದಾದರೆ ಕಡತದ ಅಳತೆ ನೋಡಿ. ಎ3 ಅಳತೆಗೆ 3508 × 4961 ಪಿಕ್ಸೆಲ್ ಬೇಕು, ಎ2ಗೆ 4961 × 7016. ಫ್ಲೆಕ್ಸ್ ಅಂಗಡಿಗೆ ಕೊಡಬೇಡಿ. 300 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸಿನ, ನೂರಕ್ಕೆ ನೂರು ಹತ್ತಿಯ ಮ್ಯಾಟ್ ಕಾಗದ ಮತ್ತು ಪಿಗ್ಮೆಂಟ್ ಶಾಯಿ ಎಂದು ಸ್ಪಷ್ಟವಾಗಿ ಹೇಳಿ.

ಹಂತ 3: ಮನೆಗೆ ತಂದ ಮೇಲೆ

ಕೊಳವೆಯಲ್ಲಿ ಬಂದದ್ದನ್ನು ಆ ದಿನವೇ ಬಿಚ್ಚಿ. ವಾರಗಟ್ಟಲೆ ಸುತ್ತಿಟ್ಟರೆ ಸುರುಳಿ ಬಿಡುವುದಿಲ್ಲ. ಸ್ವಚ್ಛ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಚಿತ್ರ ಮೇಲೆ ಮಾಡಿ ಮಲಗಿಸಿ, ಇನ್ನೊಂದು ಬಿಳಿ ಕಾಗದ ಹೊದಿಸಿ, ಅಂಚುಗಳ ಮೇಲಷ್ಟೇ ಪುಸ್ತಕ ಇಟ್ಟು ಎರಡು ದಿನ ಬಿಡಿ. ಉಲ್ಟಾ ಸುತ್ತಿ ನೆಟ್ಟಗೆ ಮಾಡಲು ಹೋದರೆ ಶಾಯಿಯ ಪದರ ಬಿರಿಯುತ್ತದೆ, ಇಸ್ತ್ರಿ ಪೆಟ್ಟಿಗೆಯನ್ನಂತೂ ಮುಟ್ಟಲೇಬೇಡಿ. ಕಟ್ಟಿಗೆ ಕೊಡುವ ಮುಂಚೆ ಮುಂಬದಿ, ಹಿಂಬದಿ, ಸಹಿ, ಸಂಖ್ಯೆಯ ಫೋಟೊ ತೆಗೆದು ರಸೀದಿಯೊಂದಿಗೆ ಇಡಿ.

ಹಂತ 4: ಕಟ್ಟು ಹಾಕಿಸುವುದು

ಕೆಡುವುದು ಹೆಚ್ಚಾಗಿ ಇಲ್ಲೇ. ಅಂಗಡಿಯವರು ದಿನವೂ ಮಾಡುವುದು ದೇವರ ಪಟ, ಮದುವೆ ಫೋಟೊ. ಅವಕ್ಕೆ ಹಾರ್ಡ್‌ಬೋರ್ಡಿಗೆ ಅಂಟಿಸಿ ಮೇಲೆ ಗಾಜು ಒತ್ತುವುದು ರೂಢಿ. ನೀವು ಹೇಳದಿದ್ದರೆ ಪ್ರಿಂಟಿಗೂ ಅದನ್ನೇ ಮಾಡುತ್ತಾರೆ, ಅವರ ತಪ್ಪೇನಿಲ್ಲ. ಬಿಟ್ಟು ಹೋಗುವ ಮುನ್ನ ಹೇಳಬೇಕಾದ್ದು ಇಷ್ಟು: "ಅಣ್ಣಾರ, ಫೆವಿಕಾಲ್ ಹಚ್ಚಬ್ಯಾಡ್ರಿ, ಟೇಪ್ ಹಚ್ಚಬ್ಯಾಡ್ರಿ. ಚಿತ್ರ ಕತ್ತರಸಬ್ಯಾಡ್ರಿ. ಗಾಜು ಚಿತ್ರಕ್ಕ ತಾಗಬಾರದು." ಸಾಧ್ಯವಾದರೆ ಎದುರಿಗೇ ನಿಂತು ಮಾಡಿಸಿ.

ಕಟ್ಟು ಹಾಕಿಸಲು ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜಿಟಿಜಿಟಿ ಮಳೆಯ ದಿನ ಮುಚ್ಚಿದ ಕಟ್ಟಿನೊಳಗೆ ಆ ತೇವವೂ ಸೇರಿಕೊಂಡಿರುತ್ತದೆ.

ಮೌಂಟ್ ಬೋರ್ಡ್ ಆಮ್ಲರಹಿತವಾಗಿರಬೇಕು. ಕತ್ತರಿಸಿದ ಓರೆ ಅಂಚು ಅಪ್ಪಟ ಬಿಳಿಯಾಗಿದ್ದು ಹಾಗೇ ಉಳಿಯಬೇಕು. ಅಗ್ಗದ ಬೋರ್ಡಿನ ಒಳಪದರ ಕೆಲವೇ ತಿಂಗಳಲ್ಲಿ ಹಳದಿಗೆ ತಿರುಗಿ, ಅದೇ ಹಳದಿ ಪ್ರಿಂಟಿನ ಮೇಲೆ ಕಂದು ಗೆರೆಯಾಗಿ ಇಳಿಯುತ್ತದೆ. ಆ ಗೆರೆ ಸಾಮಾನ್ಯ ಕೈಗೆ ಹೋಗದು. ಊರಲ್ಲಿ ಸಿಗದಿದ್ದರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬೋರ್ಡ್ ಮಾತ್ರ ತರಿಸಿಕೊಟ್ಟು, ಉಳಿದ ಕೆಲಸ ಇಲ್ಲೇ ಮಾಡಿಸಬಹುದು.

ಅಳತೆ ಹೀಗೆ ಹಾಕಿ. ಚಿತ್ರ 20 × 30 ಸೆಂಟಿಮೀಟರ್, ಕಾಗದ 28 × 38 ಎಂದುಕೊಳ್ಳಿ. ಮೌಂಟಿನ ಕಿಂಡಿ ಚಿತ್ರಕ್ಕಿಂತ ಮೇಲೆ, ಎಡಕ್ಕೆ, ಬಲಕ್ಕೆ ಅರ್ಧ ಸೆಂಟಿಮೀಟರ್, ಸಹಿ ಕಾಣಲು ಕೆಳಗೆ ಒಂದೂವರೆ ಸೆಂಟಿಮೀಟರ್ ದೊಡ್ಡದಿರಲಿ. ಅಂದರೆ ಕಿಂಡಿ 21 × 32. ಸುತ್ತ ಮೌಂಟಿನ ಅಗಲ ಮೂರು ಕಡೆ 6, ಕೆಳಗೆ 7. ಹೊರ ಅಳತೆ 33 × 45 ಆಯಿತು. ಫ್ರೇಮಿನ ಒಳ ಅಳತೆ 33.3 × 45.3 ಇರಬೇಕು. ಆ ಮೂರು ಮಿಲಿಮೀಟರ್ ಬಿಡದಿದ್ದರೆ ಹಿಗ್ಗಿದ ಬೋರ್ಡ್ ಬಾಗುತ್ತದೆ. ಫ್ರೇಮಿನ ಒಳಗಾಡಿ (ಗಾಜು, ಬೋರ್ಡ್ ಕೂರುವ ತಗ್ಗು) ಎಷ್ಟು ಆಳ ಎಂಬುದನ್ನೂ ನೋಡಿ. 2 ಮಿಲಿಮೀಟರ್ ಗಾಜು, ಒಂದೂವರೆಯ ಎರಡು ಬೋರ್ಡ್, 3ರ ಹಿಂಬದಿ ಹಲಗೆ ಸೇರಿ 8 ಆಗುತ್ತದೆ. ಒಳಗಾಡಿ 12 ಆದರೂ ಇರಲಿ.

ಹಾಳೆಯನ್ನು ಹಿಡಿಸಲು ಎರಡು ದಾರಿ. ಎ3ವರೆಗಿನದಕ್ಕೆ ಮೂಲೆ ಚೀಲಗಳೇ ಉತ್ತಮ. ಆಮ್ಲರಹಿತ ಕಾಗದ ಅಥವಾ ಪಾಲಿಯೆಸ್ಟರಿನ ತ್ರಿಕೋನ ಚೀಲಗಳನ್ನು ಹಿಂಬದಿ ಬೋರ್ಡಿಗೆ ಅಂಟಿಸಿ, ಹಾಳೆಯ ಮೂಲೆಗಳನ್ನು ಅದರೊಳಗೆ ಸೇರಿಸುವುದು. ಅಂಟು ಪ್ರಿಂಟಿಗೆ ತಾಗುವುದೇ ಇಲ್ಲ. ಮೂಲೆ ಬಿಗಿಯಾಗಿ ಕೂರದೆ ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಇನ್ನೂ ದೊಡ್ಡ ಹಾಳೆಗೆ ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಮೇಲಂಚಿನ ಹಿಂಬದಿಗೆ ಮಾತ್ರ ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ಇಳಿಬಿಡುತ್ತಾರೆ. ಬದಿಗೂ ಕೆಳಗೂ ಏನನ್ನೂ ಹಚ್ಚಬಾರದು. ಪೋಸ್ಟರ್ ಹಚ್ಚಲು ಮೈದಾ ಕುದಿಸಿ ಮೈಲುತುತ್ತ ಹಾಕುವ ಅಂಟು ಇಲ್ಲಿ ಬೇಡ, ಮೈಲುತುತ್ತ ಕಾಗದವನ್ನು ಸುಡುತ್ತದೆ. ಸೆಲ್ಲೋಟೇಪಿನ ಅಂಟು ಬಿಸಿಲಿಗೆ ಕರಗಿ ಕಾಗದದ ಮುಂಬದಿಗೆ ಎಣ್ಣೆ ಕಲೆಯಂತೆ ಏಳುತ್ತದೆ.

ಗಾಜು 2 ಮಿಲಿಮೀಟರಿನ ಸಾದಾ ಗಾಜಾದರೂ ನಡೆಯುತ್ತದೆ, ಮೌಂಟ್ ಇರುವುದರಿಂದ ಚಿತ್ರಕ್ಕೆ ತಾಗುವುದಿಲ್ಲ. ಬೆಳಕು ಹೆಚ್ಚಿರುವ ಕೋಣೆಗೆ ಅತಿನೇರಳೆ ತಡೆಯುವ ಅಕ್ರಿಲಿಕ್ ಹಾಕಿಸಿ. ಅದನ್ನು ಒಣಬಟ್ಟೆಯಿಂದ ಉಜ್ಜಿದಷ್ಟೂ ನಮ್ಮ ಧೂಳನ್ನು ಎಳೆದುಕೊಳ್ಳುತ್ತದೆ, ತುಸು ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದಲೇ ಒರೆಸಬೇಕು. ಎಂಥ ಗಾಜು ಹಾಕಿದರೂ ನೇರ ಬಿಸಿಲಿಗೆ ರಕ್ಷಣೆಯಿಲ್ಲ.

ಗಾಜು, ಮೌಂಟ್, ಹಿಂಬದಿ ಹಲಗೆ ಮೂರನ್ನೂ ಜೋಡಿಸಿ, ಸುತ್ತಂಚಿಗೆ ಟೇಪು ಸುತ್ತಿ ಒಂದೇ ಕಟ್ಟಾಗಿ ಮುಚ್ಚಿಸಿ, ಆಮೇಲೆ ಫ್ರೇಮಿಗೆ ಕೂರಿಸಲು ಹೇಳಿ. ಟೇಪು ಪ್ರಿಂಟಿಗೆ ತಾಗುವುದಿಲ್ಲವಾದ್ದರಿಂದ ಭಯವಿಲ್ಲ. ಧೂಳು ಹೋಗದು, ಬೆಳ್ಳಿಹುಳು ನುಗ್ಗದು, ಕೂಲರ್ ಹಚ್ಚಿ ಆರಿಸಿದಾಗಿನ ತೇವದ ಏರಿಳಿತವೂ ನಿಧಾನವಾಗುತ್ತದೆ. ನುಸಿಗುಳಿಗೆ, ಬೇವಿನೆಲೆಗಳನ್ನು ಕಟ್ಟಿನೊಳಗೆ ಇಡಬೇಡಿ, ಎರಡೂ ಕಲೆ ಮಾಡುತ್ತವೆ.

ಹಂತ 5: ಜೋಡಣೆ, ಆಮೇಲೆ ತೂತು

ಫ್ರೇಮಿನ ಹೊರ ಅಳತೆಗೆ ದಿನಪತ್ರಿಕೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಹಚ್ಚಿ ಒಂದೆರಡು ದಿನ ನೋಡಿ. ಬೇಡವೆನಿಸಿದರೆ ಸರಿಸಲು ಖರ್ಚಿಲ್ಲ.

ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರುವುದು ನಿಂತು ನೋಡುವವರಿಗೆ ಸರಿ. ಜಮಖಾನ ಹಾಸಿ ಕೂರುವ ಪಡಸಾಲೆಯಲ್ಲಿ 115ಕ್ಕೆ ಇಳಿಸಿ. ಬಾಗಿಲ ಚೌಕಟ್ಟಿನ ಮೇಲೆ, ಸೂರಿನ ಹತ್ತಿರ ಸಾಲಾಗಿ ಏರಿಸುವ ಹಳೆಯ ರೂಢಿ ಹಿರಿಯರ ಫೋಟೊಗಳಿಗೆ ಸರಿ. ಎಚಿಂಗಿನ ಸಣ್ಣ ಗೆರೆ ಅಲ್ಲಿಂದ ಕಾಣುವುದೇ ಇಲ್ಲ, ಮೇಲೇರಿದಷ್ಟು ಸೂರಿನ ಬಿಸಿಯೂ ಹೆಚ್ಚು. ಸೋಫಾದ ಮೇಲಾದರೆ ಅದರ ಅಗಲದ ಮೂರರಲ್ಲಿ ಎರಡು ಪಾಲು ತುಂಬಲಿ, ನಡುವೆ 15ರಿಂದ 20 ಸೆಂಟಿಮೀಟರ್ ಬಿಡಿ. ಹಲವು ಫ್ರೇಮುಗಳಿದ್ದರೆ ಒಂದಕ್ಕೊಂದು 5ರಿಂದ 7 ಸೆಂಟಿಮೀಟರ್ ಅಂತರ ಸಾಕು.

ತೂಕ ಲೆಕ್ಕ ಹಾಕಿ. 2 ಮಿಲಿಮೀಟರ್ ಗಾಜು ಚದರ ಮೀಟರಿಗೆ 5 ಕಿಲೋ. 60 × 75 ಸೆಂಟಿಮೀಟರಿನ ಫ್ರೇಮಿನಲ್ಲಿ ಗಾಜೇ ಎರಡೂಕಾಲು ಕಿಲೋ, ಪಟ್ಟಿ ಹಲಗೆ ಸೇರಿ ನಾಲ್ಕರ ಸುತ್ತ. ಇಂಥದ್ದಕ್ಕೆ ಮೊಳೆ ಸಾಲದು, 6 ಮಿಲಿಮೀಟರ್ ಪ್ಲಗ್ ಹಾಕಿ ಎರಡು ಸ್ಕ್ರೂಗಳ ಮೇಲೆ ಹಂಚಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ವೈರು ಅಲ್ಲೇ ಹಾದಿರುತ್ತದೆ.

ಶಹಾಬಾದ್ ಕಲ್ಲು ಪದರ ಪದರ ಇರುವ ಸುಣ್ಣದ ಕಲ್ಲು. ಡ್ರಿಲ್ಲಿನ ಹ್ಯಾಮರ್ (ಬಡಿದು ಕೊರೆಯುವ ಬಗೆ) ಹಾಕಿ ಒಮ್ಮೆಲೇ ಕೊರೆದರೆ ಚಕ್ಕೆ ಎದ್ದು ಬರುತ್ತದೆ. ಹ್ಯಾಮರ್ ಬಂದ್ ಮಾಡಿ, 4ರ ಬಿಟ್‌ನಿಂದ ನಿಧಾನವಾಗಿ ಶುರು ಮಾಡಿ, ಆಮೇಲೆ 6ರದ್ದು ಹಾಕಿ 40 ಮಿಲಿಮೀಟರ್ ಆಳಕ್ಕೆ ಹೋಗಿ. ಕಲ್ಲಿನ ಅಂಚಿನಿಂದ 5 ಸೆಂಟಿಮೀಟರ್ ಒಳಗೇ ಇರಿ. ಗೋಡೆಗೆ ಅಂಟಿಸಿದ ತೆಳು ಹಾಸುಗಲ್ಲಾದರೆ ಪ್ಲಗ್ ಅದನ್ನು ದಾಟಿ ಹಿಂದಿನ ಗೋಡೆಯವರೆಗೆ ತಲುಪಬೇಕು. ಮಣ್ಣಿನ ಸಂದಿಯಲ್ಲಿ ಪ್ಲಗ್ ನಿಲ್ಲುವುದಿಲ್ಲ. ಅಂಥ ಗೋಡೆಯಲ್ಲಿ ತೊಲೆಯಿಂದ ದಾರ ಇಳಿಬಿಟ್ಟು ತೂಗುಹಾಕುವುದೇ ಮೇಲು, ಗೋಡೆಯ ತೇವದಿಂದಲೂ ಸ್ವಲ್ಪ ದೂರ ಉಳಿಯುತ್ತದೆ.

ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂಬದಿಯಲ್ಲಿ ರಬ್ಬರ್ ಗುಂಡಿ ಅಂಟಿಸಿ. ಹಿಂದೆ ಗಾಳಿಯಾಡಬೇಕು.

ಹಂತ 6: ವರ್ಷದ ನಿಗಾ

ತಿಂಗಳಿಗೊಮ್ಮೆ ಫ್ರೇಮಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಹಲ್ಲಿಯ ಹಿಕ್ಕೆ, ಕುಂಬಾರ ಹುಳುವಿನ ಮಣ್ಣಿನ ಗೂಡು, ಗೆದ್ದಲಿನ ಮಣ್ಣಿನ ಗೆರೆ ಇವನ್ನು ಆಗಲೇ ತೆಗೆಯಬೇಕು. ಗೆದ್ದಲು ಕಂಡರೆ ಫ್ರೇಮನ್ನು ಆ ದಿನವೇ ಇಳಿಸಿ, ಹಿಂಬದಿ ಹಲಗೆ ಬಿಚ್ಚಿಸಿ ನೋಡಿ. ಗಾಜಿನ ಮೇಲೆ ದ್ರಾವಣ ಸಿಂಪಡಿಸಬೇಡಿ, ಕೆಳಗಿಳಿದು ಮೌಂಟಿಗೆ ಹೋಗುತ್ತದೆ. ಬಟ್ಟೆಗೆ ಹಾಕಿ ಒರೆಸಿ. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಫ್ರೇಮುಗಳನ್ನು ಬೇರೆ ಕೋಣೆಗೆ ಸಾಗಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಏರಿಸಿ.

ಗೋಡೆಯಲ್ಲಿ ಜಾಗ ಸಾಲದೆ ಉಳಿದವನ್ನು ಅಟ್ಟದಲ್ಲಿ ಇಡಬೇಡಿ, ಅಲ್ಲಿಯ ಬಿಸಿ ಕಾಗದವನ್ನು ಬೇಗ ಮುರುಕಾಗಿಸುತ್ತದೆ. ಒಳಗೋಡೆಗೆ ಇಟ್ಟ ಬೀರುವಿನ ನಡುವಿನ ಖಾನೆಯಲ್ಲಿ, ಹಾಳೆಗಳ ನಡುವೆ ಆಮ್ಲರಹಿತ ತೆಳುಕಾಗದ ಹಾಕಿ, ಅಡ್ಡ ಮಲಗಿಸಿ. ಆರು ತಿಂಗಳಿಗೊಮ್ಮೆ ಗೋಡೆಯವನ್ನೂ ಬೀರುವಿನವನ್ನೂ ಅದಲುಬದಲು ಮಾಡಿದರೆ ಬೆಳಕಿನ ಭಾರ ಹಂಚಿಹೋಗುತ್ತದೆ.

ತಡಮಾಡಬಾರದ ಸೂಚನೆಗಳು

ಮೂಲೆಯಲ್ಲಿ ಮಾತ್ರ ಅಲೆ ಎದ್ದಿದ್ದರೆ ಅಲ್ಲಿ ಹಿಡಿತ ಬಿಗಿಯಾಗಿದೆ, ಬಿಚ್ಚಿಸಿ ಸಡಿಲಿಸಿ. ಹಾಳೆಯೆಲ್ಲ ಅಲೆಯಾದರೆ ಕೋಣೆಯ ತೇವ ಹೆಚ್ಚು, ಗೋಡೆ ಬದಲಿಸಿ. ಗಾಜಿನ ಒಳಮೈ ಮಸುಕಾದರೆ ತೇವ ಒಳಗೆ ಸಿಕ್ಕಿಕೊಂಡಿದೆ, ಒಣ ದಿನ ನೋಡಿ ತೆರೆಯಿಸಿ.

ಕಂದು ಚುಕ್ಕಿ ಅಥವಾ ಬೂದು ನವಿರು ಕಂಡರೆ ಬೂಷ್ಟು. ಆ ಫ್ರೇಮನ್ನು ಉಳಿದವುಗಳಿಂದ ದೂರವಿಟ್ಟು, ಬಿಚ್ಚಿ, ನೆರಳಿನ ಒಣಗಾಳಿಯಲ್ಲಿ ಹರವಿ. ಬಿಸಿಲಿಗಿಡಬೇಡಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆ ಕುಂಚದಿಂದ ಹಗುರಾಗಿ ಕೊಡವಿ. ಹಳೆಯ ಮೌಂಟನ್ನು ಎಸೆದು ಹೊಸದು ಹಾಕಿಸಿ.

ಪ್ರಿಂಟ್ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಿಸಿ ಗಾಳಿ, ಬ್ಲೇಡ್ ಯಾವುದನ್ನೂ ಪ್ರಯತ್ನಿಸಬೇಡಿ, ಬಣ್ಣದ ಪದರ ಗಾಜಿನ ಮೇಲೇ ಉಳಿದುಬಿಡುತ್ತದೆ. ಗಾಜು ಸಮೇತ ಎರಡು ಗಟ್ಟಿ ರಟ್ಟುಗಳ ನಡುವೆ ಕಟ್ಟಿ, ಅಡ್ಡ ಮಲಗಿಸಿಕೊಂಡು ಕಾಗದದ ಸಂರಕ್ಷಣೆ ಬಲ್ಲವರಿಗೆ ಒಯ್ಯಬೇಕು. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ. ಹೊರಡುವ ಮೊದಲು ಅಂಟಿರುವ ಜಾಗದ ಫೋಟೊ ಕಳಿಸಿ, ತರಬಹುದೇ ಎಂದು ಕೇಳಿಕೊಳ್ಳಿ.